ಮೂಕಿ ಭಾರ

ಮೈನಾಟ್ ಊರಾಚೆ, ಗೋಧಿ ಕಣಜದ ಎದುರು
ಟ್ರೈಲರುಗಳು ಸಾಲಾಗಿ ಮೂಕಿ ನೆಲಕ್ಕೂರಿ ನಿಂತಿವೆ,
ಕುದುರೆ ಬಿಚ್ಚಿದ ಗಾಡಿಗಳ ಹಾಗೆ.
ಏಪ್ರಿಲ್. ಚರಂಡಿಯಲ್ಲಿನ್ನೂ ಮಾಸಲು ಹಿಮ.
ನನಗೆ ಅರವತ್ತಾರು. ಸೊಂಟದಲ್ಲಿ ಹೊಸ ಕೀಲು,
ಟೈಟೇನಿಯಂ; ಬೈಕಿನ ಸೈಲೆನ್ಸರಿಗಿಂತ ದುಬಾರಿ.

ನಾಚಿಕೆಯಾಗುತ್ತದೆ, ಹೇಳಿಬಿಡುತ್ತೇನೆ:
ಮೂವತ್ತೆಂಟು ವರ್ಷ ನಗಾಡಿದ್ದೇನೆ
ಬೈಕನ್ನು ಹೇರಿಕೊಂಡು ಬರುವವರನ್ನು ಕಂಡು.
"ಪಲ್ಲಕ್ಕಿ ಬಂತು, ದಾರಿ ಬಿಡಿ!"
ಪೆಟ್ರೋಲ್ ಬಂಕುಗಳಲ್ಲಿ ಕೂಗಿದ್ದೇನೆ.
ನೆನೆದು, ಒಣಗಿ, ಮತ್ತೆ ನೆನೆದು
ದಿನಕ್ಕೆ ಐನೂರು ಮೈಲಿ ಓಡಿಸಿದ ಕೈಗಳಿಗೆ
ಆ ಮಾತಿನ ಹಕ್ಕಿದೆ ಅಂದುಕೊಂಡಿದ್ದೆ.
ಈಗ ತೊಂಬತ್ತು ಮೈಲಿ ದಾಟಿದರೆ
ಕಾಲು ಎಲ್ಲಿದೆ ಅಂತ ಬಗ್ಗಿ ನೋಡಬೇಕು.

ಮಾರುವ ಹುಡುಗ ಕೋಲ್ಬಿ. ಮೀಸೆ ಬಲಿತಿಲ್ಲ,
ಮಾತು ಬಲಿತಿದೆ.
"ಬೈಕಿನ ತೂಕ?" "ಎಂಟುನೂರ ಹತ್ತು ಪೌಂಡ್."
"ಪೆಟ್ರೋಲ್ ಸೇರಿಸಿಯೋ?" ಸೇರಿಸಿರಲಿಲ್ಲ.
"ಪಕ್ಕದ ಪೆಟ್ಟಿಗೆಗಳು?" ಅವೂ ಇಲ್ಲ.
ನನ್ನ ತೂಕ ಕೇಳಿದ್ದರೂ ಹೀಗೇ ಹೇಳುತ್ತಿದ್ದೆ.

ಮೊದಲನೆಯದು ಅಗ್ಗ, ಮಡಚಿ ಗೋಡೆಗೆ ಒರಗಿಸಬಹುದು.
ಅಲುಗಿಸಿ ನೋಡಿದೆ: ಹಾಲುಹಲ್ಲು.
ಎರಡನೆಯದಕ್ಕೆ ತಳ್ಳುಗಾಡಿಯ ಚಕ್ರ,
ಹೆದ್ದಾರಿಯ ವೇಗಕ್ಕೆ ಅದರ ಬೇರಿಂಗು
ಸಂಜೆಯೊಳಗೆ ಕೆಂಡ.
ಮೂರನೆಯದು ಮುಚ್ಚಿದ ಪೆಟ್ಟಿಗೆ, ಬಿಳಿ, ಒಳಗೆ ದೀಪ;
ಬಾಗಿಲು ಹಾಕಿದರೆ ಶವದ ವ್ಯಾನು.
"ಬೇಡ" ಅಂದೆ, "ಅದಕ್ಕೆ ಗಾಳಿ ಬೇಕು."
ಹುಡುಗ ನಗಲಿಲ್ಲ. ಒಳ್ಳೆಯವನು.

ನಾಲ್ಕನೆಯದರ ಹಾಸು ತಾನೇ ಬಾಗುತ್ತದೆ,
ಮುದಿ ಕುದುರೆ ಮಂಡಿಯೂರಿದಂತೆ.
ಹಲಗೆಯ ಮೇಲೆ ಉಸಿರು ಕಟ್ಟಿ ಹತ್ತಿಸಬೇಕಿಲ್ಲ.
ನನಗಿಂತ ಮೊದಲು ನನ್ನ ಸೊಂಟ ಒಪ್ಪಿತು.
ಸತು ಲೇಪಿಸಿದ ಕಬ್ಬಿಣ,
ಮುಂದಿನ ಚಕ್ರ ಕಚ್ಚಿ ಹಿಡಿಯುವ ದವಡೆ,
ಪಟ್ಟಿ ಬಿಗಿಯಲು ಗಟ್ಟಿ ಕೊಂಡಿಗಳು.
"ತೀರಾ ಬಿಗಿಯಬೇಡಿ, ಫೋರ್ಕಿನ ಸೀಲು ಹೋದೀತು."
ಸಾಲು ಮಾತ್ರ ಎರಡು.
ಎರಡು ಬೈಕಿನದು.

"ಒಂಟಿಯದು ಜೂನಿಗೆ ಬರುತ್ತದೆ, ಕಾಯ್ತೀರಾ?
ಇದರಲ್ಲಿ ಒಂದನ್ನೇ ಪಕ್ಕಕ್ಕೆ ಕಟ್ಟಿದರೆ
ಭಾರ ವಾಲುತ್ತದೆ, ಒಂದೇ ಟೈರು ಸವೆಯುತ್ತದೆ."
ಆಮೇಲೆ ಮೂಕಿ ಭಾರದ ಪಾಠ:
ನೂರರಲ್ಲಿ ಹತ್ತು ಪಾಲು ಮುಂದೆ ಕೂರಬೇಕು,
ಹಿಂಭಾರವಾದರೆ ಬಾಲ ಬೀಸಿ
ಎಳೆಯುವ ಗಾಡಿಯನ್ನೇ ಹಳ್ಳಕ್ಕೆಳೆಯುತ್ತದೆ.
ನಾನು ಕೇಳುತ್ತಿರಲಿಲ್ಲ.

ಒಂದೇ ಟೈರು ಸವೆಯುತ್ತದೆ.

ಹನ್ನೊಂದು ವರ್ಷದ ಹಿಂದೆ, ಬ್ಲ್ಯಾಕ್ ಹಿಲ್ಸಿನ ತಪ್ಪಲಲ್ಲಿ
ಆರ್ಡಿತ್ ಸುಂಡ್‌ವಾಲ್ಡ್, ಮಂಡಿಗೆ ಹೊಲಿಗೆ ಬಿದ್ದವಳು,
ಅಳಿಯನ ಟ್ರೈಲರಿನಲ್ಲಿ ಬೈಕು ತಂದಿದ್ದಳು.
ಪಲ್ಲಕ್ಕಿಯ ಮಾತು ಅವಳಿಗೂ ಎಸೆದೆ,
ಇಪ್ಪತ್ತು ಜನರ ಮುಂದೆ. ಎಲ್ಲರೂ ನಕ್ಕರು.
ಪಟ್ಟಿ ಬಿಚ್ಚುತ್ತಿದ್ದವಳು
ಮತ್ತೆ ಬಿಗಿದು ಹೊರಟುಹೋದಳು.
ಕ್ರಿಸ್‌ಮಸ್ ಕಾರ್ಡು ಆಮೇಲೂ ಬಂತು. ಬರೀ ಸಹಿ.

ಕಣಜದ ನೆರಳಲ್ಲಿ ನಿಂತು ಫೋನ್ ಮಾಡಿದೆ.
"ಯಾರು?" "ಮಾರ್ಲಿಸ್."
ಅತ್ತ ರೇಡಿಯೋದಲ್ಲಿ ಗೋಧಿಯ ಧಾರಣೆ.
"ಟ್ರೈಲರ್ ಕೊಳ್ತಿದ್ದೇನೆ."
ರೇಡಿಯೋ ಆರಿತು.
"ಯಾರಿಗೆ?"
"ನನಗೇ."
ನಗುತ್ತಾಳೆಂದು ಕಾದೆ. ನಗುವ ಸರದಿ ಅವಳದೇ.
ಬಹಳ ಹೊತ್ತಿನ ಮೇಲೆ ಕೇಳಿದಳು:
"ಹಾಸು ಬಾಗುತ್ತದಾ, ಹಲಗೆಯದಾ?"
"ಬಾಗುತ್ತದೆ."
"ಸತುವಾ, ಬಣ್ಣವಾ?"
"ಸತು."
"ಸ್ಟೆಪ್ನಿ ತಾವಾಗಿ ಕೊಡೋದಿಲ್ಲ ಅವರು. ಕೇಳಿ ತಗೋ."

ಕೇಳಿದೆ. ಎಂಬತ್ತು ಡಾಲರ್ ಹೆಚ್ಚು.

ಮನೆಯವರೆಗೂ ಹಿಂದೆ ಗಡಗಡ, ಗಡಗಡ.
ಖಾಲಿಯಿದ್ದಾಗಲೇ ಸದ್ದು ಜಾಸ್ತಿ, ಹುಡುಗ ಹೇಳಿದ್ದ.
ಬರುತ್ತೇನೆ ಅಂತ ಅವಳೇನೂ ಅಂದಿಲ್ಲ.
ಫೋನಿಡುವ ಮುಂಚೆ
ತನ್ನ ಬೈಕಿನ ತೂಕ ಹೇಳಿದಳು, ಅಷ್ಟೆ,
ಪೆಟ್ರೋಲ್ ಸೇರಿಸಿ,
ಪೆಟ್ಟಿಗೆ ಸೇರಿಸಿ.