ಹುಟ್ಟು ಹಾಕುವವನ ರಜೆ

ಚೀಟಿ ಎತ್ತಿದ ದುಡ್ಡು, ಮೂವತ್ತೆಂಟು ಸಾವಿರ,
ಅಕ್ಕಿಡಬ್ಬದೊಳಗೆ ಹದಿನೈದು ದಿನದಿಂದ ಮಲಗಿದೆ.
ಕೆಂಪಾಜಮ್ಮ ಎರಡು ಸಲ ಕೇಳಿದಳು: ಓಲೆಯೋ, ಫ್ರಿಜ್ಜೋ?
ಸಮುದ್ರ, ಅಂದೆ.
ಬಾಯಿಗೆ ಸೆರಗಿಟ್ಟು ನಕ್ಕಳು.
ಪಾಲಹಳ್ಳಿಯಲ್ಲಿ ಆಮೇಲೆ ಎರಡು ದಿನ ಅದೇ ಮಾತು.

ನಮ್ಮವರು ರಂಗನತಿಟ್ಟಿನಲ್ಲಿ ದೋಣಿ ನಡೆಸುತ್ತಾರೆ, ಇಪ್ಪತ್ತಾರು ವರ್ಷ.
ಒಂದೇ ಸುತ್ತು. ಅದೇ ಬಂಡೆ, ಅದೇ ಮೊಸಳೆ,
ಅದೇ "ಸಾರ್, ಕೈ ಒಳಗಿಡಿ".
ನಾನು ಗೇಟಿನ ಹೊರಗೆ ಸೌತೆಕಾಯಿ ಸೀಳಿ
ಉಪ್ಪುಖಾರ ಸವರಿ ಕೊಡುವವಳು.
ಊರೂರಿನವರ ರಜೆ ನಮ್ಮ ಮುಂದೆಯೇ ಹಾದುಹೋಗಿದೆ,
ಟೋಪಿ ಹಾಕಿಕೊಂಡು, ಮಗುವನ್ನು ಗದರಿಕೊಂಡು,
ಹತ್ತು ರೂಪಾಯಿಗೆ ಚೌಕಾಶಿ ಮಾಡಿಕೊಂಡು.

ತಂಗಿಯ ಮಗ ಹೊನ್ನೇಶ ಫೋನಿನಲ್ಲಿ ಎರಡು ಜಾಗ ತೋರಿಸಿದ.
ಎರಡೂ ಕಡಲಂಚಿನವು, ಎರಡಕ್ಕೂ ಸರ್ಕಾರದ ಬೇಲಿ.

ಒಂದು ಒಡಿಶಾದಲ್ಲಿ, ಭಿತರಕನಿಕ.
ಉಪ್ಪುನೀರಲ್ಲಿ ಬೇರು ಮೇಲೆತ್ತಿ ನಿಂತ ಮರಗಳು,
ಮೂರಾಳುದ್ದದ ಮೊಸಳೆ.
"ಮೊಸಳೆ ನೋಡಕ್ಕೆ ಎರಡು ದಿನ ರೈಲಲ್ಲಿ ಕೂರಬೇಕಾ?
ಇಲ್ಲಿ ಸಂಬಳ ಕೊಟ್ಟು ತೋರಿಸ್ತಾರಲ್ಲ ನಿಮಗೆ."
ಅವರು ಚಿತ್ರದಿಂದ ಕಣ್ಣು ತೆಗೆಯಲಿಲ್ಲ.
"ನಮ್ಮವು ಇದರ ಮುಂದೆ ಹಲ್ಲಿ ಕಣಮ್ಮಿ."
ಆಮೇಲೆ ಹೊನ್ನೇಶ ಅಲ್ಲಿಯ ಹೊಳೆಯ ಹೆಸರು ಓದಿದ: ಬೈತರಣಿ.
ಅಂದರೆ ನಮ್ಮ ವೈತರಣಿಯೇ.
ಆ ಹೊಳೆಗೆ ಹೇಗೂ ಒಂದು ದಿನ ಹೋಗುವುದಿದೆ,
ಟಿಕೀಟಿಲ್ಲದೆ, ಬುತ್ತಿಯಿಲ್ಲದೆ.
ಈಗಲೇ ದುಡ್ಡು ಕೊಟ್ಟು ಯಾಕೆ?

ಇನ್ನೊಂದು ತಮಿಳುನಾಡಲ್ಲಿ, ಮನ್ನಾರ್ ಕೊಲ್ಲಿ.
ನೀರೊಳಗೇ ಉದ್ಯಾನವಂತೆ, ಹವಳದ ದಿಬ್ಬ,
ಹುಲ್ಲು ಮೇಯುವ ಕಡಲಹಸು.
ಇದನ್ನೆಲ್ಲ ನೋಡಲು ದೋಣಿಯ ತಳಕ್ಕೆ ಗಾಜು.
ನನ್ನ ಕರಿಮಣಿಯಲ್ಲಿ ಎರಡು ಹವಳ ಇವೆ, ಅವ್ವ ಪೋಣಿಸಿದ್ದು.
ಅವುಗಳ ತವರು ನೋಡಬೇಕು ಅನ್ನಿಸಿತು,
ಹೇಳಲಿಲ್ಲ.
ಅವರು ಆ ಗಾಜನ್ನೇ ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು.
"ತಳಕ್ಕೆ ಗಾಜು ಹಾಕ್ಸವ್ನೆ ಅಂದ್ರೆ ಅವ್ನು ದೋಣಿಯೋನಲ್ಲ,
ಕನ್ನಡಿ ಅಂಗಡಿಯೋನು."

ಇದೆಲ್ಲ ಬರೀ ಮಾತು.
ನಮಗೆ ರಜೆ ಕೊಡುವುದು ಆಫೀಸಲ್ಲ, ಕನ್ನಂಬಾಡಿ ಕಟ್ಟೆ.
ಅದು ತುಂಬಿ ಬಾಗಿಲು ತೆಗೆದರೆ ತಿಟ್ಟು ಮುಳುಗುತ್ತದೆ,
'ದೋಣಿವಿಹಾರ ಇರುವುದಿಲ್ಲ' ಬೋರ್ಡು ಬೀಳುತ್ತದೆ,
ಮಾರದ ಸೌತೆಕಾಯಿ ಮನೆಗೆ, ಹುಳಿಗೆ.
ಆ ನಾಲ್ಕು ದಿನದಲ್ಲೇ ಹೋಗಿ ಬರಬೇಕು.
ಜುಲೈ ಮುಗಿಯುವ ತನಕ ಭಿತರಕನಿಕಕ್ಕೆ ಬೀಗ,
ಮೊಸಳೆಯ ಬಾಣಂತನ.
ಮನ್ನಾರಿನಲ್ಲಿ ಗಾಳಿಗಾಲ.
ಎಲ್ಲ ನೀರೂ ಒಂದಾಗಿ ಕೂತು
ನಮ್ಮ ಮೇಲೆ ಏನೋ ಮಾತಾಡಿಕೊಂಡ ಹಾಗೆ.

ಮೊನ್ನೆ ನಡುರಾತ್ರಿ ಹೊಳೆಯ ಸದ್ದು ಬದಲಾಯಿತು.
ಇಬ್ಬರಿಗೂ ಎಚ್ಚರವಾಯಿತು, ಇಬ್ಬರೂ ನಿದ್ದೆ ನಟಿಸಿದೆವು.
ಬೆಳಿಗ್ಗೆ ಬೋರ್ಡು.
ಜಗಲಿಯಲ್ಲಿ ಕೂತು, ಅಂಗೈಯ ಜಡ್ಡು ಕೆರೆಯುತ್ತಾ ಅವರೇ ಬಾಯಿಬಿಟ್ಟರು:
"ಯಾವ್ದಾರ ಆಗ್ಲಿ ಕಣಮ್ಮಿ.
ಹುಟ್ಟು ಹಾಕೋನು ಬ್ಯಾರೆಯೋನಾಗಿರ್ಬೇಕು.
ನಾನು ಸುಮ್ಕೆ ಕೂತು ನೀರಿಗೆ ಕೈ ಇಳೆ ಬುಡ್ಬೇಕು.
ಅವ್ನು ನನ್ನ ಬೈಬೇಕು."

ಇಷ್ಟು ವರ್ಷ ಇದನ್ನು ಎಲ್ಲಿಟ್ಟುಕೊಂಡಿದ್ದರೋ,
ನನ್ನ ಅಕ್ಕಿಡಬ್ಬದಲ್ಲಂತೂ ಇರಲಿಲ್ಲ.
ನಿದ್ದೆಯಲ್ಲಿ ಆಡುತ್ತವೆ ಆ ತೋಳು, ನಾನು ಬಲ್ಲೆ.
ಕಂಬಳಿ ನನ್ನ ಕಡೆಯಿಂದ ಹಿಂದಕ್ಕೆ, ಮತ್ತೆ ಮುಂದಕ್ಕೆ.

ತೂತುಕುಡಿ ರೈಲು ನೋಡಪ್ಪ, ಅಂದೆ ಹೊನ್ನೇಶನಿಗೆ.
"ಗಾಳಿಗೆ ಅಲ್ಲೂ ದೋಣಿ ನಿಲ್ಸಿರ್ತಾರೇನೋ ದೊಡ್ಡಮ್ಮ."
ನಿಲ್ಸಲಿ.
ನಿಂತ ದೋಣಿಯವನ ಪಕ್ಕ ಇವರೂ ಕೂತು ಬೀಡಿ ಹಚ್ಚಲಿ.
ಅವರಿಬ್ಬರ ನಡುವೆ ಯಾವ ಭಾಷೆಯೂ ಬೇಕಾಗುವುದಿಲ್ಲ.
ನಾನು ಗೇಟು ಎಲ್ಲಿದೆ ಹುಡುಕುತ್ತೇನೆ.
ಅಲ್ಲೊಬ್ಬಳು ಇದ್ದೇ ಇರುತ್ತಾಳೆ, ಮಾವಿನಕಾಯೋ ಏನೋ ಸೀಳುತ್ತಾ.
ಕೇಳಿದಷ್ಟು ಕೊಡುತ್ತೇನೆ.
ಚಿಲ್ಲರೆ ಇಲ್ಲ ಅಂದರೆ
ಇರಲಿ ಬಿಡಮ್ಮ, ಅನ್ನುತ್ತೇನೆ.