ಅರೆ ಸೆಕೆಂಡು ತಡ

ನನ್ನ ಕೆಲಸ ಕೇಳುವುದು, ಟೈಪು ಮಾಡುವುದು.
ಹಲ್ ವಿಶ್ವವಿದ್ಯಾಲಯ, ನೆಲಮಾಳಿಗೆ, ಬಾಯ್ಲರಿನ ಪಕ್ಕದ ಕೋಣೆ.
ಕಾಲಡಿ ಪೆಡಲು, ಕಿವಿಗೆ ಹೆಡ್‌ಫೋನು,
ಕ್ಯಾಸೆಟ್ಟಿಗೆ ಇಷ್ಟೆಂದು ಕೂಲಿ.

ಡಾಕ್ಟರ್ ಪಿಂಡಾರ್ ಮನೆಮನೆಗೆ ಹೋಗುತ್ತಾರೆ,
ಸೋಫಾದ ತುದಿಯಲ್ಲಿ ಕೂತು
ಟೀವಿ ನೋಡುವವರನ್ನು ನೋಡುತ್ತಾರೆ:
ಯಾರು ಯಾವ ಮಾತಿಗೆ ನಕ್ಕರು,
ಯಾರು ಗಂಡನ ಮುಖ ನೋಡಿಕೊಂಡು ನಕ್ಕರು,
ಯಾರು ನಕ್ಕಾದ ಮೇಲೆ
ಏನೋ ತಿಂದವರ ಹಾಗೆ ಬಾಯಿ ಒರೆಸಿಕೊಂಡರು.

ನನಗೆ ಕೊಟ್ಟ ಹಾಳೆಯಲ್ಲಿ ನಗುವಿಗೆ ಆರು ಗುರುತು.
ಮೂಗಿನಲ್ಲೇ ಮುಗಿದರೆ ಒಂದು ಚುಕ್ಕೆ,
ಹೊಟ್ಟೆ ಹಿಡಿದು ನಕ್ಕರೆ ಗೆರೆ, ಸೆಕೆಂಡಿಗೆ ಒಂದು.
ಮುಸಿನಗು, ಹುಸಿನಗು, ಕಿಸಕ್ಕನೆ ಜಾರಿದ್ದು,
ನಗುವೋ ಕೆಮ್ಮೋ ತಿಳಿಯದ್ದು,
ಮೂರು ತಿಂಗಳಲ್ಲಿ ನನಗೆ ಎಲ್ಲದರ ಗುರುತು ಹತ್ತಿತು.
"ಅಷ್ಟೆಲ್ಲ ಬೇಡ," ಎಂದರು ಕೊನೆಗೆ,
"ಅಚ್ಚಿನವರು ಗೊಣಗುತ್ತಾರೆ. ಬರೀ (ನಗು) ಅಂತ ಹಾಕಿ."

ಹದಿನಾಲ್ಕನೆಯ ಮನೆ ಈನಿಡ್ ಸ್ಟೇದರ್ಸ್‌ಳದು.
ಕೊಡೆ ರಿಪೇರಿ ಅಂಗಡಿಯ ಹಳೇ ಹಾಸ್ಯ, ಮರುಪ್ರಸಾರ,
ಅವಳಿಗೆ ಅಕ್ಷರಕ್ಷರ ಬಾಯಿಪಾಠ.
"ಶ್, ಈಗ ಬರುತ್ತಾಳೆ."
"ಯಾರು? ಈ ದೃಶ್ಯದಲ್ಲಿ ಹೆಂಗಸರೇ ಇಲ್ಲವಲ್ಲ."
"ಅಮ್ಮ."

ಕೊಡೆ ತಲೆಕೆಳಗಾಗಿ ಬಿಚ್ಚಿಕೊಳ್ಳುತ್ತದೆ.
ಸ್ಟುಡಿಯೋ ಘೊಳ್ಳೆನ್ನುತ್ತದೆ.
ಆ ಅಬ್ಬರ ಇಳಿಯಿತು ಅನ್ನುವಷ್ಟರಲ್ಲಿ
ಒಂದು ನಗು, ಒಂಟಿ,
ಬಾತುಕೋಳಿ ಮೆಟ್ಟಿಲಿಳಿದ ಹಾಗೆ.

ಡಬ್ಬಿಮೀನಿನ ಕಾರ್ಖಾನೆ ಮೂವತ್ತು ವರ್ಷ ಆಡಾಳ ಕಿವಿ ತಿಂದಿತ್ತು.
ಜೋಕು ಅವಳಿಗೆ ಕೇಳಿಸುತ್ತಿರಲಿಲ್ಲ.
ಪಕ್ಕದವರ ಭುಜ ಕುಲುಕಿದ್ದು ನೋಡಿ
ಆಮೇಲೆ ನಗುತ್ತಿದ್ದಳು, ಅರೆ ಸೆಕೆಂಡು ತಡ.
ಎಪ್ಪತ್ತೊಂದರಲ್ಲಿ ಪುಕ್ಕಟೆ ಟಿಕೆಟ್ಟು,
ಕಾರ್ಖಾನೆಯ ಮೂವತ್ತೆರಡು ಹೆಂಗಸರು, ಲೀಡ್ಸಿಗೆ ಬಸ್ಸು.
ಹಿಂದಿನ ರಾತ್ರಿ ಕೈಗೆ, ಮೊಣಕೈಗೆ, ಕತ್ತಿಗೆ
ನಿಂಬೆಹಣ್ಣು ಉಜ್ಜಿ ಉಜ್ಜಿ ಕೆಂಪಾಗಿಸಿಕೊಂಡಿದ್ದಳಂತೆ,
ಮೀನಿನ ವಾಸನೆ ಟೀವಿಯಲ್ಲಿ ಗೊತ್ತಾದೀತೆಂದು.
(ನಗು.) ಇದು ಇಬ್ಬರದೂ. ಡಾಕ್ಟರದು ಮೂಗಿನಲ್ಲಿ.

ಎರಡನೆಯ ಭೇಟಿ, ನವೆಂಬರು.
ಬೇರೆ ಕಾರ್ಯಕ್ರಮ, ಬೇರೆ ಚಾನೆಲ್ಲು.
ಪಕ್ಕದ ಮನೆಗೆ ಬಂದಿಳಿದ ಪಾಕಿಸ್ತಾನಿ ಸಂಸಾರ,
ಗೋಡೆಯಾಚೆಯಿಂದ ಅವರ ಒಗ್ಗರಣೆ,
ನಾಯಕ ಮೂಗು ಹಿಡಿದು ಏನೋ ಅನ್ನುತ್ತಾನೆ.
ಘೊಳ್ಳ್.
ಆಮೇಲೆ, ಬಾತುಕೋಳಿ.

"ಇಲ್ಲ," ಎಂದಳು ಈನಿಡ್.
"ಇದು ಶುರುವಾಗುವ ಹೊತ್ತಿಗೆ ಅವಳು ಸತ್ತು ನಾಲ್ಕು ವರ್ಷ."

ಡಾಕ್ಟರ್ ಪಿಂಡಾರ್ ಮೆಲ್ಲಗೆ ತಿಳಿಸಿ ಹೇಳಿದರು:
ನಗುವನ್ನು ರೀಲಿನಲ್ಲಿ ಕೂಡಿಟ್ಟಿರುತ್ತಾರೆ,
ಬೇಕಾದಾಗ ಕತ್ತರಿಸಿ ಅಂಟಿಸುತ್ತಾರೆ,
ಹಳೇ ನಗುವನ್ನೇ ಹೆಪ್ಪು ಹಾಕಿ
ಹೊಸ ಜೋಕು ಗಟ್ಟಿ ಮಾಡುತ್ತಾರೆ.
ಮಾತು ನನ್ನದು; ಅವರು ಹೇಳಿದ್ದು ಇನ್ನೂ ಉದ್ದ ಇತ್ತು.
"ಅವಳನ್ನು ಯಾರಾದರೂ ಕೇಳಿದರೇನು?"
ಅದಕ್ಕೆ ಉತ್ತರ ಟೇಪಿನಲ್ಲಿಲ್ಲ.
ಪ್ರಶ್ನಾವಳಿಯ ಒಂಬತ್ತನೆಯದು ಓದಿದ್ದಿದೆ:
ಈ ಹಾಸ್ಯದಿಂದ ನಿಮಗೆ ನೋವಾಯಿತೆ?
ಬಹಳ, ಸ್ವಲ್ಪ, ಇಲ್ಲ.

ಪುಸ್ತಕ ಬಂದಿದೆ, ಗಟ್ಟಿ ರಟ್ಟು, ನನಗೂ ಒಂದು ಪ್ರತಿ.
ಪುಟ ನೂರ ಹನ್ನೆರಡರಲ್ಲಿ
ವೀಕ್ಷಕಿ ೧೪: (ಮೌನ, ನಾಲ್ಕು ಸೆಕೆಂಡು).

ಟೈಪು ಮಾಡಿದವಳು ನಾನೇ.
ಪೆಡಲು ಒತ್ತಿ ಹಿಂದೆ, ಮತ್ತೆ ಹಿಂದೆ.
ಕೆಟಲು ಸುಯ್ಯೆನ್ನಲು ತೊಡಗಿದ್ದು,
ಚಾವಣಿಯ ಮೇಲೊಂದು ಕಡಲಹಕ್ಕಿ,
ಕುರ್ಚಿ ಸರಿದು, ಚಪ್ಪಲಿ ನಾಲ್ಕು ಹೆಜ್ಜೆ,
ಟೀವಿಯ ಗುಂಡಿ ಕಟಕ್ಕೆಂದು ತಿರುಗಿದ್ದು.
ಆರಿಸಿದಳು ಅಂದುಕೊಂಡಿದ್ದೆ ಮೊದಲ ಸಲ.

ದನಿ ಏರಿಸಿದ್ದಳು.