ಒತ್ತಕ್ಷರ

ಎಂಟನೇ ಬಿ. ಕಿಟಕಿ ಪಕ್ಕದ ಮೂರನೇ ಬೆಂಚು.
ಕೈವಾರದ ಮೊನೆಯಲ್ಲಿ ಕೆತ್ತಿದ್ದಾರೆ:
ನಿನ್ನ ದೇಶಕ್ಕೆ ಹೋಗು.

ಒಂದೂ ತಪ್ಪಿಲ್ಲ.
ಇಪ್ಪತ್ತೆರಡು ವರ್ಷದ ಚಟ ನೋಡಿ,
ಕಣ್ಣು ಮೊದಲು ಕಾಗುಣಿತ ತಿದ್ದುತ್ತದೆ,
ಆಮೇಲೆ ಅರ್ಥಕ್ಕೆ ಬರುತ್ತದೆ.
ನಿನ್ನ: ನಕಾರಕ್ಕೆ ಒತ್ತು ಇದೆ, ಸರಿ.
ದೇಶಕ್ಕೆ: ಕಕಾರಕ್ಕೆ ಒತ್ತು ಇದೆ, ಸರಿ.
ಹೋಗು: ದೀರ್ಘವೂ ಇದೆ.
ಆಮೇಲೆ ಎದೆಗೆ ಬಂತು.

ಲೋಹಿತನ ಕೈ ಅದು, ನನಗೆ ಗೊತ್ತು.
ಜೂನ್ ತಿಂಗಳಲ್ಲಿ ಅಕ್ಕನನ್ನು 'ಅಕ' ಅಂತ ಬರೆಯುತ್ತಿದ್ದ.
'ಅಮನಿಗೆ ಜ್ವರ' ಅಂತ ರಜಾ ಚೀಟಿ.
ಊಟದ ಬಿಡುವಿನಲ್ಲಿ ಪಕ್ಕ ಕೂರಿಸಿಕೊಂಡು
ಅಕ್ಕ ಅಣ್ಣ ಅಪ್ಪ ಅಮ್ಮ, ನೂರು ಸಲ,
ಒತ್ತು ಬಿಟ್ಟರೆ ಮನೆಯವರೆಲ್ಲ ಮಾಯ ಕಣೋ ಅಂತ ನಗಿಸಿ
ಕೆಂಪು ಶಾಯಿಯಲ್ಲಿ ಶಹಬ್ಬಾಸ್ ಬರೆದವಳು ನಾನೇ.
ಈಗ ಆ ಒತ್ತು ಎಷ್ಟು ಆಳ ಇಳಿದಿದೆಯೆಂದರೆ
ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುತ್ತದೆ.

ಅಲ್ಲಿ ಕೂರುವವನು ಇದ್ರೀಸ್.
ಅಪ್ಪ ಜೆಸಿ ರಸ್ತೆಯಲ್ಲಿ ಆಟೋ ಸೀಟು ಹೊಲಿಯುತ್ತಾರೆ,
ಮನೆ ಪಾದರಾಯನಪುರ, ಮನೆಮಾತು ದಖನಿ.
ಉಕ್ತಲೇಖನದಲ್ಲಿ 'ಮೊಮ್ಮಕ್ಕಳು' ಅಂತ
ತಪ್ಪಿಲ್ಲದೆ ಬರೆದವನು ಇಡೀ ಕ್ಲಾಸಿಗೆ ಅವನೊಬ್ಬನೇ.
ಎರಡು ವಾರ ಆ ಸಾಲಿನ ಮೇಲೆ
ನನ್ನ ಕನ್ನಡ ಪುಸ್ತಕವನ್ನೇ ತೆರೆದಿಟ್ಟು ಮುಚ್ಚಿದ್ದ.
ಎಷ್ಟು ಓದುತ್ತಾನೆ ಹುಡುಗ, ಅಂದುಕೊಂಡಿದ್ದೆ.

ನನಗೇನೂ ಗೊತ್ತಿರಲಿಲ್ಲ ಅಂತ ಬರೆದರೆ
ಅದೂ ತಪ್ಪು ವಾಕ್ಯ.
ಕಾರಿಡಾರಿನಲ್ಲಿ 'ಏಯ್ ಬಾಂಬೂ' ಅಂತ ಕೂಗಿದ್ದು ಕೇಳಿಸಿತ್ತು.
ಕೈಯಲ್ಲಿ ಹಾಜರಿ ಪುಸ್ತಕ, ಬೆಲ್ಲು ಹೊಡೆದಾಗಿತ್ತು.
ಇದ್ರೀಸ್ ನಕ್ಕ.
ಅವನೇ ನಗುತ್ತಿದ್ದಾನಲ್ಲ ಅಂತ ನಾನು ನಡೆದೆ.
ಮ್ಯಾಚಿನ ಮರುದಿನ ಸ್ಟಾಫ್ ರೂಮಿನಲ್ಲಿ
'ನಿಮ್ಮ ಇದ್ರೀಸ್ ಯಾರ ಕಡೆ ಮೇಡಂ?' ಅಂದರು ಡ್ರಿಲ್ ಮೇಷ್ಟ್ರು.
ನಾನು ಡಬ್ಬಿಯಲ್ಲಿ ಉಪ್ಪಿಟ್ಟು ಹುಡುಕಿದೆ,
ಖಾಲಿಯಾದ ಡಬ್ಬಿಯಲ್ಲಿ.

ಹೆಡ್‌ಮಿಸ್ ಅಂದರು: ಹುಡುಗನನ್ನ ಎ ಸೆಕ್ಷನ್‌ಗೆ ಹಾಕೋಣ,
ಅಲ್ಲಿ ಅವರವರೇ ಐದಾರು ಜನ ಇದ್ದಾರೆ.
ಅವನನ್ನು ಕೇಳಿದೆ. ತುಂಬ ಹೊತ್ತು ಶೂ ನೋಡಿದ.
'ಬೆಂಚ್ ಬದಲಾಯಿಸಬೇಡಿ ಮಿಸ್.
ಕಿಟಕೀಲಿ ಮೆಟ್ರೋ ಹೋಗೋದು ಕಾಣುತ್ತೆ.
ಅಬ್ಬಾಗೂ ಹೇಳಬೇಡಿ. ಅವರಿಗೆ ಕನ್ನಡ ಓದಕ್ಕೆ ಬರಲ್ಲ,
ಏನು ಬರೆದಿದೆ ಓದಿ ಹೇಳು ಅಂತಾರೆ.'

ಲೋಹಿತನನ್ನು ಬೆಂಚಿನ ಮುಂದೆ ನಿಲ್ಲಿಸಿದೆ.
ಓದು, ಅಂದೆ.
ನಿನ್ನ, ಅಂದ. ದೇಶ, ಅಂದ. ಅಲ್ಲೇ ನಿಂತ.
ಸರಿ, ಅವನು ಎಲ್ಲಿಗೆ ಹೋಗಬೇಕು, ವಿಳಾಸ ಬರಿ.
ಚಾಕ್ ಹಿಡಿದು ನಿಂತ, ನಿಂತ, ಕೊನೆಗೆ ಬರೆದ:
ಹನ್ನೊಂದನೇ ಅಡ್ಡರಸ್ತೆ, ಪಾದರಾಯನಪುರ, ಬೆಂಗಳೂರು.
ಹೋದ ವರ್ಷ ಗಾಳಿಪಟ ತರಲು ಹೋಗಿದ್ದನಂತೆ.

ಅತ್ತನೇ? ಇಲ್ಲ. ಅಳುವುದು ಕತೆಗಳಲ್ಲಿ.
ಅವನಪ್ಪ ಬಂದು ನನ್ನ ಮೇಲೇ ಕೂಗಾಡಿದರು.
ನಾನೂ ಕೂಗಿದೆ, ಗಂಟಲು ಎರಡು ದಿನ ಕಟ್ಟಿತ್ತು.
ನಾಲ್ಕು ಸಂಜೆ ಲೋಹಿತ ಉಪ್ಪುಕಾಗದ ಉಜ್ಜಿದ.
ಮೂರು ಗಂಟೆಯ ಓರೆಬಿಸಿಲಿಗೆ
ಒತ್ತುಗಳು ಮಾತ್ರ ಇನ್ನೂ ಕಾಣುತ್ತವೆ.

ಈಗ ಬಿಡುವಿನಲ್ಲಿ ಟೀ ಲೋಟ ಹಿಡಿದು ಕಾರಿಡಾರಿನಲ್ಲಿ ನಿಲ್ಲುತ್ತೇನೆ.
'ಏಯ್' ಅಂದಾಗಲೇ ತಿರುಗುತ್ತೇನೆ, ಮುಂದಿನ ಪದಕ್ಕೆ ಕಾಯುವುದಿಲ್ಲ.
ಡ್ರಿಲ್ ಮೇಷ್ಟ್ರಿಗೆ ಹೇಳಿದ್ದೇನೆ,
ಆ ಪ್ರಶ್ನೆ ಇನ್ನೊಮ್ಮೆ ಕೇಳಿ ಸರ್, ನಿಧಾನಕ್ಕೆ, ಬರೆದುಕೊಳ್ಳುತ್ತೇನೆ.

ಇವತ್ತು ಪುಸ್ತಕ ಮುಚ್ಚಿಟ್ಟು
ಬೆಂಚಿನ ಮೇಲೆ ಮೊಣಕೈ ಊರಿ
ಇದ್ರೀಸ್ ಮೆಟ್ರೋ ನೋಡುತ್ತಿದ್ದ, ಪಾಠದ ಮಧ್ಯೆ.
'ಏನೋ, ಹೊರಗೇನು ಸಿನಿಮಾನಾ? ಇಲ್ಲಿ ನೋಡು' ಅಂತ ಗದರಿದೆ,
ಉಳಿದ ನಲವತ್ತೊಂದು ಮಕ್ಕಳನ್ನು
ಗದರುವ ಹಾಗೆಯೇ.